ಪುರಸಭೆಯ ಒಂದು ಚರಂಡಿಗೆ ಟೆಂಡರ್ ಹಾಕಿದ ಹನ್ನೊಂದು ತಿಂಗಳು

ನಮ್ಮ ತಂದೆ ಮೂವತ್ತು ವರ್ಷ ಸರಕಾರಿ ಕಾಮಗಾರಿಗಳನ್ನೇ ಮಾಡಿದವರು, ಆದರೆ ಸರಕಾರದ ಒಂದು ಕಡತದಲ್ಲೂ ಅವರ ಹೆಸರಿಲ್ಲ. ಹಾವೇರಿಯ ಸುತ್ತಮುತ್ತ ಅವರು ಕಟ್ಟಿದ ಚರಂಡಿ, ಮೋರಿ, ಶಾಲಾ ಕೊಠಡಿಗಳೆಲ್ಲ ಬೇರೆ ಬೇರೆ ಗುತ್ತಿಗೆದಾರರ ಹೆಸರಿನಲ್ಲಿವೆ. ಅವರು ಅವನ್ನು ತುಂಡು ಗುತ್ತಿಗೆಗೆ ಹಿಡಿದ ಮೇಸ್ತ್ರಿ ಮಾತ್ರ. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ, ಆರು ವರ್ಷ ಖಾಸಗಿ ಕಂಪನಿಯೊಂದರ ಸೈಟುಗಳನ್ನು ನೋಡಿಕೊಂಡು, 2023ರ ಆಗಸ್ಟ್‌ನಲ್ಲಿ ಊರಿಗೆ ಮರಳಿದಾಗ ಅವರು ಹೇಳಿದ್ದು ಒಂದೇ ಮಾತು: “ಇನ್ನೊಬ್ಬರ ಹೆಸರಿನ್ಯಾಗ ದುಡದದ್ದು ಸಾಕವ್ವಾ, ಇನ್ನ ನಿನ್ನ ಹೆಸರಿನ್ಯಾಗ ಮಾಡೂಣು.” ಆ ಮಾತು ನಮ್ಮ ಭಾಗದ ಪುರಸಭೆಯೊಂದರ 24.60 ಲಕ್ಷ ರೂಪಾಯಿಯ ಚರಂಡಿ ಕಾಮಗಾರಿಯ ಕಾರ್ಯಾದೇಶವಾಗಿ ಕೈಗೆ ಬರುವಷ್ಟರಲ್ಲಿ 2024ರ ಜುಲೈ ಅರ್ಧ ಕಳೆದಿತ್ತು. ನಡುವೆ ಒಂದು ಟೆಂಡರ್ ಸೋತೆ, ಇನ್ನೊಂದು ಗೆದ್ದೂ ಮೂರು ತಿಂಗಳು ಸುಮ್ಮನೆ ಕೂತೆ. ನನ್ನ ಹಿಂದೆ ಬರುವವರಾದರೂ ಅದೇ ಹೊಂಡಕ್ಕೆ ಕಾಲಿಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರಳಾಗಿ ನೋಂದಾಯಿಸಿಕೊಳ್ಳುವುದು ಮೊದಲ ಹೆಜ್ಜೆ. ಡಿಪ್ಲೊಮಾ ಪ್ರಮಾಣಪತ್ರ, ಪ್ಯಾನ್, ಜಿಎಸ್‌ಟಿ ನೋಂದಣಿ, ಹಣಕಾಸಿನ ತಾಕತ್ತನ್ನು ದೃಢೀಕರಿಸುವ ಬ್ಯಾಂಕಿನ ಸಾಲ್ವೆನ್ಸಿ ಪತ್ರ ಇವನ್ನೆಲ್ಲ ಹೊಂದಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ನನ್ನ ಹೆಸರು. ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರಿನ ಇನಿಶಿಯಲ್ ಮಾತ್ರ ಇತ್ತು, ಆಧಾರ್‌ನಲ್ಲಿ ಪೂರ್ತಿ ಹೆಸರಿತ್ತು, ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮೊದಲಿಗೆ ಬಂದಿತ್ತು. ಡಿಎಸ್‌ಸಿ ಎಂದು ಎಲ್ಲರೂ ಕರೆಯುವ ಡಿಜಿಟಲ್ ಸಹಿ ಪ್ಯಾನಿನಲ್ಲಿದ್ದ ಹೆಸರಿಗೆ ಬಂತು, ನೋಂದಣಿ ಪತ್ರ ಅಂಕಪಟ್ಟಿಯಲ್ಲಿದ್ದ ಹೆಸರಿಗೆ ಬಂತು. ಇಬ್ಬರೂ ಒಬ್ಬಳೇ ಎಂದು ತೋರಿಸುವುದಕ್ಕೆ ಪ್ಯಾನ್ ತಿದ್ದಿಸಿ, ಡಿಎಸ್‌ಸಿಯನ್ನು ಮತ್ತೆ ಮಾಡಿಸಬೇಕಾಯಿತು. ಮೂರು ವಾರವೂ ಐದು ಸಾವಿರದಷ್ಟು ರೂಪಾಯಿಯೂ ಅಲ್ಲಿಗೆ ಹೋದವು. ಬೇರೇನನ್ನು ಮಾಡುವ ಮೊದಲೂ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡಿ. ಡಿಎಸ್‌ಸಿ ಮೂರನೇ ದರ್ಜೆಯದೇ ಆಗಿರಬೇಕು. ಎರಡನೇ ದರ್ಜೆಯದನ್ನು ಕೊಡುವುದು 2021ರ ಜನವರಿಯಿಂದಲೇ ನಿಂತಿದ್ದರೂ ಹಳೆಯ ಬೆಲೆಪಟ್ಟಿ ಇಟ್ಟುಕೊಂಡು ಗೊಂದಲ ಮಾಡುವವರನ್ನು ನಾನು ಕಂಡಿದ್ದೇನೆ.

ಕೆಪಿಪಿಪಿ ಎಂದು ಎಲ್ಲರೂ ಕರೆಯುವ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಖಾತೆ ತೆರೆಯಲು ಹೋದಾಗ ಇನ್ನೊಂದು ಲೋಕ ಕಂಡಿತು. ನಮ್ಮಲ್ಲಿ ಬಹುತೇಕ ಸಣ್ಣ ಗುತ್ತಿಗೆದಾರರು ತಾವೇ ಟೆಂಡರ್ ಹಾಕುವುದಿಲ್ಲ. ತಹಸೀಲ್ದಾರ್ ಕಚೇರಿಯ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಅದಕ್ಕೆಂದೇ ಒಬ್ಬರಿರುತ್ತಾರೆ. ನಾನು ನೋಡಿದ ಅಂಗಡಿಯ ಮೇಜಿನ ಖಾನೆಯಲ್ಲಿ ಹತ್ತಾರು ಗುತ್ತಿಗೆದಾರರ, ಪೆನ್ ಡ್ರೈವಿನಂತೆ ಕಾಣುವ ಡಿಎಸ್‌ಸಿ ಟೋಕನ್‌ಗಳು, ಪಾಸ್‌ವರ್ಡ್ ಬರೆದ ಚೀಟಿಗಳ ಸಮೇತ, ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಬಿದ್ದಿದ್ದವು. ಒಂದೇ ಕಾಮಗಾರಿಗೆ ಸ್ಪರ್ಧಿಸುವ ನಾಲ್ವರ ದರವನ್ನು ಒಬ್ಬನೇ, ಒಂದೇ ಕಂಪ್ಯೂಟರಿನಲ್ಲಿ ತುಂಬುತ್ತಾನೆ. “ಟೋಕನ್ ಇಲ್ಲೇ ಇರಲಿ ಮೇಡಂ, ಎಷ್ಟು ಬಿಲೋ ಹಾಕಬೇಕು ಅಂತ ಫೋನಿನಲ್ಲಿ ಹೇಳಿದರೆ ಸಾಕು” ಎಂದರು. ಬಿಲೋ ಎಂದರೆ ಅಂದಾಜಿಗಿಂತ ಕಡಿಮೆ ದರ. ದರ ತೆರೆಯುವ ದಿನದವರೆಗೂ ಯಾರಿಗೂ ಕಾಣದಂತೆ ಬೀಗ ಹಾಕಿಡುವ ವ್ಯವಸ್ಥೆಯನ್ನು ಸರಕಾರ ಮಾಡಿದ್ದರೆ, ಅದರ ಕೀಲಿಯನ್ನು ನಾವೇ ಅಂಗಡಿಯ ಖಾನೆಯಲ್ಲಿಟ್ಟು ಬರುತ್ತೇವೆ. ನಾನು ಟೋಕನ್ ವಾಪಸು ತಂದು, ಮನೆಯ ಲ್ಯಾಪ್‌ಟಾಪಿನಲ್ಲೇ ಕಲಿತೆ. ಎರಡು ರಾತ್ರಿ ಹಿಡಿಯಿತು, ಅಷ್ಟೆ.

ಕಾನೂನಿನ ಚೌಕಟ್ಟನ್ನು ಇಲ್ಲಿ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಓದಿಕೊಳ್ಳದೆ ಮೊದಲ ಟೆಂಡರ್ ಹಾಕಿದ್ದೇ ನನ್ನ ತಪ್ಪು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಯಿಂದ ಹಿಡಿದು ಮಹಾನಗರ ಪಾಲಿಕೆಯವರೆಗೆ ಸ್ಥಳೀಯ ಸಂಸ್ಥೆಗಳ ಕಾಮಗಾರಿ, ಖರೀದಿಗಳೆಲ್ಲ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಮತ್ತು 2000ದ ನಿಯಮಗಳ ಅಡಿಯಲ್ಲಿ ನಡೆಯುತ್ತವೆ. ಕಚೇರಿಗಳಲ್ಲಿ ಇದನ್ನು ಕೆಟಿಪಿಪಿ ಎನ್ನುತ್ತಾರೆ. ನೈಸರ್ಗಿಕ ವಿಕೋಪ, ನಿಗದಿತ ಮೊತ್ತಕ್ಕಿಂತ ಕಡಿಮೆ ಬೆಲೆಯ ಕೆಲಸ, ಸರಕಾರ ಅಧಿಸೂಚನೆಯಿಂದ ಬಿಟ್ಟುಕೊಟ್ಟ ಪ್ರಕರಣ ಮುಂತಾಗಿ 4ನೇ ಕಲಂ ಪಟ್ಟಿ ಮಾಡಿರುವ ವಿನಾಯಿತಿಗಳ ಹೊರಗೆ ಟೆಂಡರ್ ಕರೆಯದೆ ಕೆಲಸ ಕೊಡುವಂತಿಲ್ಲ. ಟೆಂಡರ್ ಸಲ್ಲಿಸಲು ಕನಿಷ್ಠ ಎಷ್ಟು ದಿನ ಕೊಡಬೇಕೆಂಬುದನ್ನು ನಿಯಮ 17 ಹೇಳುತ್ತದೆ. ಅದನ್ನು ಮೊಟಕುಗೊಳಿಸಬೇಕಾದರೆ ಟೆಂಡರ್ ಕರೆಯುವವರಿಗಿಂತ ಮೇಲಿನ ಅಧಿಕಾರಿ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಪ್ರಕಟಣೆಯಲ್ಲಿ ‘ಅಲ್ಪಾವಧಿ ಟೆಂಡರ್’ ಎಂದಿದ್ದರೆ ಅಂಥ ಆದೇಶವೊಂದು ಕಡತದಲ್ಲಿದೆ ಎಂದು ಅರ್ಥ. ಏಳೇ ದಿನದಲ್ಲಿ ಮುಗಿಯುವ ಟೆಂಡರ್ ಕಂಡಾಗಲೆಲ್ಲ ಆ ಆದೇಶದಲ್ಲಿ ಏನು ಬರೆದಿರಬಹುದೆಂದು ನನಗೆ ಕುತೂಹಲ.

ಪ್ರಕಟಣೆಯಲ್ಲಿ ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ, ಮೀಸಲಾತಿಯ ಅಂಕಣವನ್ನು. ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಕಾಮಗಾರಿಗಳನ್ನು ಕಾಯ್ದಿರಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಮೊದಲು 50 ಲಕ್ಷದವರೆಗಿನ ಕಾಮಗಾರಿಗಳಿಗಿದ್ದ ಈ ನಿಯಮ 2023ರಲ್ಲಿ 1 ಕೋಟಿಯವರೆಗೆ ವಿಸ್ತರಿಸಿತು. ನಾನು ಆ ಅಂಕಣವನ್ನು ನೋಡದೆ, ನನಗೆ ಅನ್ವಯಿಸದ ಕಾಮಗಾರಿಯೊಂದರ ದರ ಲೆಕ್ಕ ಹಾಕುತ್ತ ಎರಡು ದಿನ ಕಳೆದಿದ್ದೆ.

2023ರ ನವೆಂಬರ್‌ನಲ್ಲಿ ಹಾಕಿದ ಮೊದಲ ಟೆಂಡರ್ 48 ಲಕ್ಷದ ಕಾಂಕ್ರೀಟ್ ರಸ್ತೆಯದು. ಅದು ಎರಡು ಲಕೋಟೆ ಪದ್ಧತಿಯ ಟೆಂಡರ್. ಮೊದಲ ಲಕೋಟೆಯಲ್ಲಿ ಅರ್ಹತೆಯ ದಾಖಲೆಗಳು, ಎರಡನೆಯದರಲ್ಲಿ ದರ. ಮೊದಲನೆಯದರಲ್ಲಿ ಪಾಸಾದವರ ಎರಡನೆಯದನ್ನು ಮಾತ್ರ ತೆರೆಯುತ್ತಾರೆ. ಈಗ ಲಕೋಟೆ ಎಂಬುದು ಹೆಸರಿಗಷ್ಟೆ, ಎಲ್ಲವೂ ಪೋರ್ಟಲ್‌ನಲ್ಲೇ. ವಹಿವಾಟಿನ ಬಗ್ಗೆ ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಬೇಕಿತ್ತು. ಹುಬ್ಬಳ್ಳಿಯ ಪರಿಶೋಧಕರೊಬ್ಬರು 3,000 ರೂಪಾಯಿ ತೆಗೆದುಕೊಂಡು ಕೊಟ್ಟರು. ಆ ಪತ್ರದ ಮೇಲೆ ಯುಡಿಐಎನ್ ಎಂಬ ಗುರುತಿನ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ. ಅದಿಲ್ಲದ ಪತ್ರವನ್ನು ಪರಿಶೀಲಿಸಲು ಕಚೇರಿಯವರಿಗೆ ದಾರಿಯಿಲ್ಲ. ಟೆಂಡರ್ ಜೊತೆಗೆ ಕಟ್ಟಬೇಕಾದ ಮುಂಗಡ ಠೇವಣಿ, ಅಂದರೆ ಇಎಂಡಿ, 72,000 ರೂಪಾಯಿ. ಅದನ್ನು ನೆಫ್ಟ್ ಮೂಲಕ ಕೊನೆಯ ದಿನಕ್ಕೆ ಎರಡು ದಿನ ಮೊದಲು ಕಟ್ಟಿದೆ. ಪೋರ್ಟಲ್‌ನಲ್ಲಿ ಜಮೆಯಾಗಿ ಕಾಣಿಸಿದ್ದು ಮರುದಿನ ಸಂಜೆ. ಕೊನೆಯ ದಿನವೇ ಕಟ್ಟಿದ್ದರೆ ಹಣ ಹೋಗಿ ಟೆಂಡರ್ ಮಾತ್ರ ಸಲ್ಲಿಕೆಯಾಗದೆ ಉಳಿಯುತ್ತಿತ್ತು.

ಕೆಲಸದ ಅನುಭವದ ಪತ್ರ ಕೇಳಿದ್ದ ಕಡೆ ತಂದೆ ಮತ್ತು ನಾನು ಸೇರಿ ಮಾಡಿದ ಕೆಲಸವೊಂದರ ಬಗ್ಗೆ ಮುಖ್ಯ ಗುತ್ತಿಗೆದಾರರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಪತ್ರವನ್ನು ಹಚ್ಚಿದೆ. ಕೆಲಸ ಮಾಡಿದ್ದು ನಿಜ, ಪತ್ರವೂ ನಿಜ. ಇನ್ನೇನು ಬೇಕು ಎಂದುಕೊಂಡಿದ್ದೆ. ಡಿಸೆಂಬರ್ 14ರಂದು ಪೋರ್ಟಲ್‌ನಲ್ಲಿ ನನ್ನ ಹೆಸರಿನ ಮುಂದೆ ಅನರ್ಹ ಎಂದು ಕಂಡಿತು. ಕಾರಣದ ಜಾಗದಲ್ಲಿ ಇದ್ದದ್ದು ‘ಷರತ್ತು ಪೂರೈಸಿಲ್ಲ’ ಎಂಬ ಎರಡು ಪದ.

ಮರುದಿನ ಕಚೇರಿಗೆ ಹೋದೆ, ಜೊತೆಗೆ ತಂದೆಯೂ ಬಂದಿದ್ದರು. ಪ್ರಶ್ನೆ ಕೇಳಿದ್ದು ನಾನು, ಉತ್ತರವನ್ನೆಲ್ಲ ಕಚೇರಿಯವರು ತಂದೆಯ ಮುಖ ನೋಡಿ ಹೇಳಿದರು. ವಿಷಯ ನಿರ್ವಾಹಕರು “ಕಮಿಟಿ ನಿರ್ಧಾರ ಯಜಮಾನರ, ನಾವೇನು ಮಾಡೋಣ” ಎಂದರು, ಅಭಿಯಂತರರು ಸೈಟಿನಲ್ಲಿದ್ದರು, ಮುಖ್ಯಾಧಿಕಾರಿಗಳು ಜಿಲ್ಲಾ ಕೇಂದ್ರದ ಸಭೆಗೆ ಹೋಗಿದ್ದರು. ನಾಲ್ಕನೇ ಸಲ ಹೋದಾಗ ಟೆಂಡರ್ ಪರಿಶೀಲನಾ ಸಮಿತಿಯ ಹಾಳೆಯ ಪ್ರತಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಕೊಟ್ಟು ಬಂದೆ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳ ಒಳಗಿರಬೇಕು. ನಾನು ಸಿಟ್ಟಿನಲ್ಲಿ ಬರೆದ ಮೊದಲ ಅರ್ಜಿ ಎರಡೂವರೆ ಪುಟವಿತ್ತು, ಅದನ್ನು ಹರಿದು ಮತ್ತೆ ಬರೆದೆ.

ಇಲ್ಲಿ ನಿಮಗೊಂದು ಎಚ್ಚರಿಕೆ. ಟೆಂಡರ್ ಅಂಗೀಕರಿಸಿದ ಆದೇಶದಿಂದ ನೊಂದವರು ಅದು ಕೈಸೇರಿದ 30 ದಿನಗಳ ಒಳಗೆ ಮೇಲ್ಮನವಿ ಸಲ್ಲಿಸಬಹುದು, ಕಾಯ್ದೆಯ 16ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಡಲು ಇರುವ ಕಾಲವೂ 30 ದಿನವೇ. ಪ್ರತಿ ಬರಲಿ, ಆಮೇಲೆ ನೋಡೋಣ ಎಂದು ಕುಳಿತರೆ ಎರಡೂ ಗಡುವು ಒಟ್ಟಿಗೇ ಮುಗಿಯುತ್ತವೆ. ಆದ್ದರಿಂದ ಅನರ್ಹಗೊಂಡ ದಿನವೇ ಕಾರಣ ಕೇಳಿ ನೇರವಾಗಿ ಪತ್ರ ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಯಾವ ಬೆಲೆಯೂ ಇಲ್ಲ.

ಇಪ್ಪತ್ತೇಳನೇ ದಿನಕ್ಕೆ ಬಂದ ಹಾಳೆಯನ್ನು ಓದಿದಾಗ ನನ್ನ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು. ಟೆಂಡರ್ ದಾಖಲೆಯಲ್ಲಿ, ಕೆಲಸವನ್ನು ‘ಮುಖ್ಯ ಗುತ್ತಿಗೆದಾರನಾಗಿ’ ಮಾಡಿರಬೇಕು, ಪ್ರಮಾಣಪತ್ರಕ್ಕೆ ಕಾರ್ಯಪಾಲಕ ಅಭಿಯಂತರರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಸಹಿ ಇರಬೇಕು ಎಂದು ಸ್ಪಷ್ಟವಾಗಿತ್ತು. ತಂದೆಯ ಮೂವತ್ತು ವರ್ಷದ ಕೆಲಸಕ್ಕೆ ಈ ವ್ಯವಸ್ಥೆಯಲ್ಲಿ ಒಂದು ದಿನದ ತೂಕವೂ ಇರಲಿಲ್ಲ. ಅದೇ ಟೆಂಡರಿನಲ್ಲಿ ಸಾಮರ್ಥ್ಯದ ಲೆಕ್ಕವೂ ಇತ್ತು: ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಕೆಲಸದ ಮೊತ್ತವನ್ನು ಕಾಮಗಾರಿ ಮುಗಿಸಲು ಕೊಟ್ಟ ವರ್ಷಗಳಿಂದ ಗುಣಿಸಿ, ಅದನ್ನು ಮತ್ತೆ ಒಂದೂವರೆ ಪಟ್ಟು ಮಾಡಿ, ಕೈಯಲ್ಲಿರುವ ಕೆಲಸಗಳ ಮೊತ್ತವನ್ನು ಕಳೆದರೆ ಉಳಿಯುವುದು ಟೆಂಡರ್ ಮೊತ್ತಕ್ಕಿಂತ ಹೆಚ್ಚಿರಬೇಕು. ಕಾಮಗಾರಿಯ ಅವಧಿ ಆರು ತಿಂಗಳಾದರೆ ಗುಣಿಸುವುದು ಅರ್ಧದಿಂದ. ನನ್ನ ಲೆಕ್ಕ ಅಲ್ಲಿಯೂ ನಿಲ್ಲುತ್ತಿರಲಿಲ್ಲ. ಮೇಲ್ಮನವಿಯ ಯೋಚನೆ ಬಿಟ್ಟೆ. ಹೊಸಬರು ಎರಡು ಲಕೋಟೆಯ, ಅನುಭವ ಕೇಳುವ ಟೆಂಡರ್‌ಗಳನ್ನು ಮುಟ್ಟದೆ, ಅರ್ಹತೆಗೆ ನೋಂದಣಿಯ ದರ್ಜೆಯೊಂದೇ ಸಾಕೆನ್ನುವ ಸಣ್ಣ ಕಾಮಗಾರಿಗಳಿಂದ ಶುರು ಮಾಡುವುದೇ ಸರಿ. ಆದರೆ ಐದಾರು ಸಣ್ಣ ಕೆಲಸಗಳನ್ನು ಒಟ್ಟು ಸೇರಿಸಿ ಒಂದು ಪ್ಯಾಕೇಜ್ ಮಾಡಿ ದೊಡ್ಡವರಿಗಷ್ಟೇ ಎಟಕುವಂತೆ ಮಾಡುವ ಪರಿಪಾಠ ಬೆಳೆಯುತ್ತಿದ್ದು, ಅಂಥ ಸಣ್ಣ ಕಾಮಗಾರಿಗಳೇ ಅಪರೂಪವಾಗುತ್ತಿವೆ ಎಂಬುದನ್ನೂ ಹೇಳಬೇಕು.

2024ರ ಜನವರಿ ಕೊನೆಯಲ್ಲಿ ಬೇರೊಂದು ಪುರಸಭೆಯ ಚರಂಡಿ ಕಾಮಗಾರಿಯ ಪ್ರಕಟಣೆ ಸಿಕ್ಕಿತು. ಅಂದಾಜು 24.60 ಲಕ್ಷ, ಒಂದೇ ಲಕೋಟೆ, ಶೇಕಡಾವಾರು ದರ. ಅಂದರೆ ಒಂದೊಂದು ಐಟಂಗೆ ಬೇರೆ ದರ ಬರೆಯಬೇಕಿಲ್ಲ, ಇಡೀ ಅಂದಾಜಿಗೆ ಇಷ್ಟು ಶೇಕಡಾ ಬಿಲೋ ಅಥವಾ ಅಬೌ ಎಂದು ಒಂದೇ ಸಂಖ್ಯೆ. ಈ ಸಲ ದಾಖಲೆಯ ಪ್ರತಿ ಪುಟವನ್ನು ಮುದ್ರಿಸಿ, ಕೇಳಿದ ಕಾಗದಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಮಾಡಿಕೊಂಡೆ. ಜಾಗ ನೋಡಲು ತಂದೆಯನ್ನು ಕರೆದೊಯ್ದೆ. ಅವರು ಚಪ್ಪಲಿ ಬಿಟ್ಟು ನೆಲಕ್ಕಿಳಿದು, ಒಂದು ಹಿಡಿ ಮಣ್ಣನ್ನು ಉಂಡೆ ಮಾಡಿ ನೋಡಿ, “ಎರಿ ಮಣ್ಣೈತಿ. ಮಳಿ ಬಿದ್ದ್ರ ಅಗದದ್ದೆಲ್ಲ ಕುಸೀತೈತಿ, ತಳಕ್ಕ ಗಟ್ಟಿ ಹಾಕಬೇಕು” ಎಂದರು. ಅಂದಾಜಿನಲ್ಲಿ ತಳಕ್ಕೆ ಹಾಕುವ ಕಾಂಕ್ರೀಟಿನ ದಪ್ಪ ಎಷ್ಟಿದೆ, ಅದು ಸಾಲದಾದರೆ ಹೆಚ್ಚುವರಿಯನ್ನು ಯಾರು ಭರಿಸಬೇಕು ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟಿತು. ದಾರಿಯಲ್ಲಿ ಎರಡು ವಿದ್ಯುತ್ ಕಂಬಗಳೂ ಕುಡಿಯುವ ನೀರಿನ ಕೊಳವೆಯೊಂದೂ ಇದ್ದವು. ಅವನ್ನು ಸ್ಥಳಾಂತರಿಸುವ ಐಟಂ ಅಂದಾಜಿನಲ್ಲಿ ಇರಲಿಲ್ಲ. ಲಿಖಿತವಾಗಿ ಸ್ಪಷ್ಟೀಕರಣ ಕೇಳಿದ್ದಕ್ಕೆ, ಕಂಬ ಮತ್ತು ಕೊಳವೆಯ ಕೆಲಸ ಪುರಸಭೆಯದೇ ಎಂದು ಉತ್ತರ ಬಂತು. ಆ ಉತ್ತರವನ್ನು ಮುದ್ರಿಸಿ ಜೋಪಾನವಾಗಿ ಇಟ್ಟಿದ್ದೇನೆ.

ದರ ಹಾಕುವ ಮೊದಲು ಅಂದಾಜು ಯಾವ ವರ್ಷದ ಎಸ್.ಆರ್., ಅಂದರೆ ಸರಕಾರಿ ದರಪಟ್ಟಿಯ, ಮೇಲೆ ತಯಾರಾಗಿದೆ ಎಂದು ನೋಡಿ. ಹಳೆಯ ದರಪಟ್ಟಿಯ ಅಂದಾಜಿಗೆ ಇವತ್ತಿನ ಸಿಮೆಂಟಿನ ಬೆಲೆಯಲ್ಲಿ ಬಿಲೋ ಹಾಕುವುದು ಕೈಯಿಂದ ಕಟ್ಟಿದಂತೆ. ಜಿಎಸ್‌ಟಿ ಅಂದಾಜಿನ ಒಳಗಿದೆಯೋ ಹೊರಗಿದೆಯೋ ಎಂಬುದು ಅದಕ್ಕಿಂತ ಮುಖ್ಯ, ಏಕೆಂದರೆ ಸ್ಥಳೀಯ ಸಂಸ್ಥೆಗಳ ಇಂಥ ಕಾಮಗಾರಿಗಳ ಮೇಲಿನ ತೆರಿಗೆ 2022ರ ಜುಲೈ 18ರಿಂದ ಶೇ 12ರ ಬದಲು ಶೇ 18 ಆಗಿದೆ. ಇವಲ್ಲದೆ ಬಿಲ್ಲಿನಲ್ಲಿ ಕಟಾವಣೆಗಳಿವೆ: ಕಾರ್ಮಿಕ ಕಲ್ಯಾಣ ಸೆಸ್ ಶೇ 1, ಜಿಎಸ್‌ಟಿ ಟಿಡಿಎಸ್ ಶೇ 2, ನನ್ನಂಥ ಒಬ್ಬಂಟಿ ಗುತ್ತಿಗೆದಾರರಿಗೆ ಆದಾಯ ತೆರಿಗೆಯ ಟಿಡಿಎಸ್ ಶೇ 1, ಜಲ್ಲಿ ಮರಳಿನ ಪರವಾನಗಿ ರಸೀದಿ ತೋರಿಸದಿದ್ದರೆ ರಾಜಧನ (ರಾಯಲ್ಟಿ), ಭದ್ರತಾ ಠೇವಣಿಗೆಂದು ಹಿಡಿಯುವ ಮೊತ್ತ. ಟಿಡಿಎಸ್ ಹಣ ಮುಂದೆ ನಮ್ಮ ತೆರಿಗೆ ಲೆಕ್ಕಕ್ಕೇ ಬರುತ್ತದೆಯಾದರೂ ಕೂಲಿ ಕೊಡಬೇಕಾದ ಶನಿವಾರ ಅದು ಕೈಯಲ್ಲಿ ಇರುವುದಿಲ್ಲ. ಇದನ್ನೆಲ್ಲ ಕೂಡಿಸಿ ಕಳೆದು, ಮೂರು ರಾತ್ರಿ ವಾದ ಮಾಡಿ, ಶೇ 8.25 ಬಿಲೋ ಎಂದು ನಿರ್ಧರಿಸಿದೆವು. ತಂದೆ ಶೇ 6 ಸಾಕು ಎನ್ನುತ್ತಿದ್ದರು.

ಸಲ್ಲಿಕೆಯ ಹಿಂದಿನ ದಿನ ಪರಿಚಯವಿಲ್ಲದ ಸಂಖ್ಯೆಯಿಂದ ಕರೆ ಬಂತು. ಮಾತು ಬಹಳ ಮರ್ಯಾದೆಯದು: “ತಂಗೀ, ನೀವು ಹೊಸಬರು, ಈ ಕೆಲಸ ನಮ್ಮ ಹುಡುಗರಿಗೆ ಮಾತಾಗಿದೆ, ಮುಂದಿನದನ್ನು ನಿಮಗೇ ಬಿಡೋಣ.” ಬಿಟ್ಟುಕೊಟ್ಟರೆ 20,000 ರೂಪಾಯಿಯ ಪ್ರಸ್ತಾಪವೂ ಅದರಲ್ಲಿತ್ತು. ಇದನ್ನು ನಮ್ಮ ಕಡೆ ‘ಹೊಂದಾಣಿಕೆ’ ಎಂದು ಕರೆಯುತ್ತಾರೆ. ಎಷ್ಟು ಸೌಮ್ಯವಾದ ಪದ! ನಾನು ಆಗಲೇ ಇಎಂಡಿ ಕಟ್ಟಿಬಿಟ್ಟಿದ್ದೇನೆಂದು ಹೇಳಿ ಫೋನಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕರೆಯ ದಿನಾಂಕ, ಸಮಯ, ಸಂಖ್ಯೆಗಳನ್ನು ಡೈರಿಯಲ್ಲಿ ಬರೆದುಕೊಂಡೆ, ಮತ್ತು ಬೆಳಿಗ್ಗೆ ಹತ್ತು ಗಂಟೆಯೊಳಗೆ ಟೆಂಡರ್ ಸಲ್ಲಿಸಿದೆ.

ಫೆಬ್ರುವರಿ ಕೊನೆಯ ವಾರ ಟೆಂಡರ್ ತೆರೆದಾಗ ನಾವು ಐವರಿದ್ದೆವು. ಅತಿ ಕಡಿಮೆ ಶೇ 14.10 ಬಿಲೋ, ಅನಂತರದ್ದು ನನ್ನದು. ಎಲ್-ಟು, ಅಂದರೆ ಕಡಿಮೆ ದರದಲ್ಲಿ ಎರಡನೆಯವರು, ಆದವರಿಗೆ ಮಾಡುವುದಕ್ಕೆ ಏನೂ ಇರುವುದಿಲ್ಲ ಎಂದು ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಕುಳಿತೆ. ಹತ್ತು ದಿನದ ಮೇಲೆ ಪುರಸಭೆಯಿಂದ ಪತ್ರ ಬಂತು: ನಿಮ್ಮ ದರಕ್ಕೆ ದರ ವಿಶ್ಲೇಷಣೆ ಸಲ್ಲಿಸಿ. ವಿಚಾರಿಸಿದರೆ, ಎಲ್-ಒನ್ ಆಗಿದ್ದವರು ಕಡ್ಡಾಯವಾಗಿ ಹಚ್ಚಬೇಕಿದ್ದ ಕೈಯಲ್ಲಿರುವ ಕಾಮಗಾರಿಗಳ ಘೋಷಣೆಯ ಕಡತವನ್ನು ತೆರೆದಾಗ ಅದರಲ್ಲಿ ಖಾಲಿ ಪುಟವಿತ್ತಂತೆ. ಸ್ಕ್ಯಾನ್ ಮಾಡುವಾಗ ಕಾಗದ ಮಗುಚಿ ಬಿದ್ದಿರಬೇಕು. ಅದೇ ಕಂಪ್ಯೂಟರ್ ಅಂಗಡಿಯವರೇ ಹಾಕಿಕೊಟ್ಟದ್ದೋ ಏನೋ ನನಗೆ ಗೊತ್ತಿಲ್ಲ. ಸುಮಾರು ಮೂರು ತಿಂಗಳ ಹಿಂದೆ ನನ್ನನ್ನು ಹೊರಹಾಕಿದ್ದೂ ಇಂಥದೇ ಒಂದು ಕಾಗದ. ಈಗ ಒಳಗೆ ಕರೆದದ್ದೂ ಕಾಗದವೇ. ಖುಷಿಯಾಯಿತು, ಆದರೆ ಆ ಖುಷಿಯಲ್ಲಿ ಏನೋ ಕಹಿ ಇತ್ತು, ಏಕೆಂದರೆ ಆ ಮನುಷ್ಯ ಕೆಲಸ ಬಲ್ಲವರೆಂದು ತಂದೆಗೆ ಗೊತ್ತಿತ್ತು. ಸಲ್ಲಿಸುವ ಗುಂಡಿ ಒತ್ತುವ ಮೊದಲು ಹಚ್ಚಿದ ಪ್ರತಿ ಪಿಡಿಎಫ್‌ ಅನ್ನು ಪೋರ್ಟಲ್‌ನಿಂದಲೇ ಮತ್ತೆ ಇಳಿಸಿಕೊಂಡು ತೆರೆದು ನೋಡಿ. ಐದು ನಿಮಿಷದ ಕೆಲಸ.

ದರ ವಿಶ್ಲೇಷಣೆಯಲ್ಲಿ ಪ್ರತಿ ಐಟಂಗೆ ಸಾಮಗ್ರಿ, ಕೂಲಿ, ಸಾಗಣೆ ಎಂದು ಬಿಡಿಸಿ ಬರೆಯಬೇಕು. ದರ ತೀರ ಕೆಳಗಿದೆ, ಆ ಹಣದಲ್ಲಿ ಕೆಲಸ ಆಗದು ಎಂದು ಅವರಿಗೆ ಅನ್ನಿಸಿದರೆ ಭದ್ರತಾ ಠೇವಣಿಯನ್ನು ಹೆಚ್ಚಿಸಲು ಟೆಂಡರ್ ದಾಖಲೆಯಲ್ಲೇ ಅವಕಾಶವಿದೆ. ಹಣದ ಏರ್ಪಾಡು ಮಾಡದೆ ಶೇ 20, 25 ಬಿಲೋ ಹಾಕುವವರು ಸಿಕ್ಕಿಬೀಳುವುದು ಇಲ್ಲಿ. ನಾನು ಕೊಟ್ಟ ಹಾಳೆಗಳನ್ನು ಪ್ರಶ್ನೆಯಿಲ್ಲದೆ ಒಪ್ಪಿದರು.

ಆಮೇಲೆ 2024ರ ಮಾರ್ಚ್ 16 ಬಂತು, ಲೋಕಸಭಾ ಚುನಾವಣೆ ಘೋಷಣೆಯಾಗಿ ಮಾದರಿ ನೀತಿ ಸಂಹಿತೆ ಜಾರಿಯಾಯಿತು. ನನ್ನ ಕಡತಕ್ಕೆ ಒಂದೇ ಸಹಿ ಬಾಕಿ. ಆ ಅವಧಿಯಲ್ಲಿ ನಮ್ಮ ಕಡೆಯ ಅನೇಕ ಪುರಸಭೆಗಳಂತೆ ಅಲ್ಲಿಯೂ ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ತೀರ್ಮಾನವಾಗದೆ ಆಡಳಿತಾಧಿಕಾರಿಯೇ ಇದ್ದರು. ಅವರು ಚುನಾವಣಾ ಕೆಲಸದಲ್ಲಿ ಮುಳುಗಿದ್ದರು. ನಮ್ಮ ಭಾಗದಲ್ಲಿ ಮತದಾನ ಮೇ 7ಕ್ಕೆ ಮುಗಿದರೂ ಸಂಹಿತೆ ತೆರವಾದದ್ದು ಜೂನ್ 6ಕ್ಕೆ. ಈ ಎಂಬತ್ತು ದಿನಗಳ ಬಗ್ಗೆ ಬರೆಯುವುದು ಹೆಚ್ಚಿಲ್ಲ, ಕಾದೆವು ಅಷ್ಟೆ. ನಮಗೆಂದು ಒಪ್ಪಿಸಿಟ್ಟಿದ್ದ ಗಾರೆ ಕೆಲಸದವರು ಗೋವಾಕ್ಕೆ ಹೊರಟುಹೋದರು.

ಆದರೆ ನಡುವೆ, ಮೇ ತಿಂಗಳಲ್ಲಿ, ಬಂದ ಒಂದು ಪತ್ರದ ಬಗ್ಗೆ ಹೇಳಲೇಬೇಕು. ಟೆಂಡರಿನ ಸಿಂಧುತ್ವ 90 ದಿನದ್ದು. ಅದು ಮುಗಿಯುತ್ತಿರುವುದರಿಂದ ಇನ್ನೂ 60 ದಿನ ವಿಸ್ತರಿಸಲು ಒಪ್ಪಿಗೆ ಕೊಡಿ ಎಂದು ಪುರಸಭೆ ಕೇಳಿತ್ತು. ಒಪ್ಪದಿದ್ದರೆ ಇಎಂಡಿ ಹೋಗುತ್ತದೆ ಎಂದು ಅಲ್ಲಿಯವರೊಬ್ಬರು ಹೆದರಿಸಿದರು. ದಾಖಲೆ ತೆಗೆದು ನೋಡಿದರೆ ಇದ್ದದ್ದು ಬೇರೆ: ವಿಸ್ತರಣೆಗೆ ಒಪ್ಪದವರ ಇಎಂಡಿಯನ್ನು ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ, ಒಪ್ಪಿದವರು ಮಾತ್ರ ದರವನ್ನು ಬದಲಿಸುವಂತಿಲ್ಲ. 12 ತಿಂಗಳೊಳಗೆ ಮುಗಿಯುವ ಕೆಲಸವಾದ್ದರಿಂದ ಸಾಮಗ್ರಿಯ ಬೆಲೆ ಏರಿದರೆ ದರ ಏರಿಸಿಕೊಡುವ ಬೆಲೆ ಹೊಂದಾಣಿಕೆಯೂ ಇಲ್ಲ ಎಂದು ನಮ್ಮ ಟೆಂಡರಿನಲ್ಲಿತ್ತು. ಅಂದರೆ ಚಳಿಗಾಲದ ಲೆಕ್ಕದಲ್ಲಿ ಹಾಕಿದ ದರಕ್ಕೆ ಮಳೆಗಾಲದಲ್ಲಿ, ಎರೆ ಮಣ್ಣಿನಲ್ಲಿ, ನೀರು ತೋಡಿಸುತ್ತ ಕೆಲಸ ಮಾಡಬೇಕು. ಬಿಟ್ಟುಬಿಡಲೇ ಎಂದು ಎರಡು ದಿನ ಯೋಚಿಸಿದೆ. ತಂದೆ ಏನೂ ಹೇಳಲಿಲ್ಲ, ಅದೇ ಕಷ್ಟವಾಯಿತು. ಲಾಭ ಹೆಚ್ಚೆಂದರೆ ಅರವತ್ತು ಸಾವಿರ ಉಳಿಯಬಹುದು, ಆದರೆ ಕಾರ್ಯಪಾಲಕ ಅಭಿಯಂತರರ ಸಹಿಯಿರುವ, ಮುಖ್ಯ ಗುತ್ತಿಗೆದಾರಳೆಂದು ನನ್ನ ಹೆಸರಿರುವ ಒಂದು ಪ್ರಮಾಣಪತ್ರ ಸಿಗುತ್ತದೆ ಎಂಬ ಲೆಕ್ಕದಲ್ಲಿ ಒಪ್ಪಿಗೆ ಬರೆದುಕೊಟ್ಟೆ.

ಜೂನ್ 27ಕ್ಕೆ ಅಂಗೀಕಾರ ಪತ್ರ ಬಂತು. ಕರಾರು ಮಾಡಿಕೊಳ್ಳಲು 20 ದಿನ ಕೊಟ್ಟಿದ್ದರು; ಅದರೊಳಗೆ ಶೇ 5ರ ಭದ್ರತಾ ಠೇವಣಿ, ಅಂದರೆ ನನ್ನ ದರದ 22.57 ಲಕ್ಷಕ್ಕೆ ಸುಮಾರು 1.13 ಲಕ್ಷ ರೂಪಾಯಿಯನ್ನು ಹೊಂದಿಸಬೇಕಿತ್ತು. ಬ್ಯಾಂಕ್ ಗ್ಯಾರಂಟಿ ಕೇಳಲು ಹೋದರೆ ಅದಕ್ಕೆ ಬ್ಯಾಂಕಿನವರು ಪೂರ್ತಿ ಮೊತ್ತದ ಠೇವಣಿಯನ್ನೇ ಅಡವಾಗಿ ಕೇಳಿದರು, ಮೇಲೆ ಕಮಿಷನ್ ಬೇರೆ. ಕೊನೆಗೆ ಮುಖ್ಯಾಧಿಕಾರಿಗಳ ಹೆಸರಿಗೆ ಒತ್ತೆಯಿಟ್ಟ ಎಫ್‌ಡಿಯನ್ನೇ ಕೊಟ್ಟೆ. ಬಡ್ಡಿಯಾದರೂ ನನ್ನದಾಗಿ ಉಳಿಯುತ್ತದೆ. ಅದರ ಹಣಕ್ಕೆ ಅವ್ವನ ಎರಡು ಬಳೆ ಸಹಕಾರ ಸಂಘದಲ್ಲಿವೆ. ಮೊದಲ ಟೆಂಡರಿನ 72,000 ಇನ್ನೂ ವಾಪಸಾಗದೇ ಇದ್ದದ್ದರಿಂದ ಹೀಗಾಯಿತು. ಒಂದೇ ಕಾಲಕ್ಕೆ ಎರಡು ಕಡೆ ಇಎಂಡಿ ಸಿಕ್ಕಿಕೊಂಡರೂ ನಡೆಯುವಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಳ್ಳದೆ ಈ ದಾರಿಗೆ ಇಳಿಯಬೇಡಿ. ನೋಂದಣಿ, ಡಿಎಸ್‌ಸಿ, ಪ್ರಮಾಣಪತ್ರ, ಟೆಂಡರ್ ಶುಲ್ಕ, ಛಾಪಾ ಕಾಗದ, ಓಡಾಟ ಎಲ್ಲ ಸೇರಿ ನನಗೆ ಮರಳಿ ಬಾರದ ಖರ್ಚು 31,000 ರೂಪಾಯಿಯಷ್ಟಾಯಿತು.

ಜುಲೈ 15ರಂದು ಕಾರ್ಯಾದೇಶ ಕೊಟ್ಟರು. ಕಿರಿಯ ಅಭಿಯಂತರರು ಮೂರು ದಿನ ಬಿಟ್ಟು ಬಂದು ಸುಣ್ಣದ ಗೆರೆ ಹಾಕಿಸಿದರು. ಕಂಬಗಳು ಇನ್ನೂ ಅಲ್ಲೇ ನಿಂತಿದ್ದವು. ಪುರಸಭೆಯದೇ ಕೆಲಸವೆಂದು ಅವರು ಕೊಟ್ಟಿದ್ದ ಉತ್ತರದ ಪ್ರತಿಯನ್ನು ಅಂದೇ ಪತ್ರಕ್ಕೆ ಹಚ್ಚಿ ಕೊಟ್ಟೆ, ವಿಳಂಬ ನನ್ನ ಲೆಕ್ಕಕ್ಕೆ ಬರಬಾರದಲ್ಲ. ಸಂಜೆ ಸಿಮೆಂಟ್ ಇಳಿಸುತ್ತಿರುವಾಗ ಫೋನಿಗೆ ಬ್ಯಾಂಕಿನ ಸಂದೇಶ ಬಂತು: ಮೊದಲ ಟೆಂಡರಿನ ಇಎಂಡಿ, 72,000 ರೂಪಾಯಿ, ಜಮೆ. ಅನರ್ಹಗೊಂಡ ದಿನದಿಂದ ಎಣಿಸಿದರೆ ಇನ್ನೂರ ಹದಿನೇಳು ದಿನ. ತಂದೆಗೆ ತೋರಿಸಿದೆ. ಅವರು ಓದಿ, ಫೋನ್ ಮರಳಿ ಕೊಟ್ಟು, ಚೀಲಗಳ ಮೇಲೆ ತಾಡಪತ್ರಿ ಎಳೆಯಲು ಹೋದರು, ಮೋಡ ಕವಿದಿತ್ತು.